ಎಂಜಿನ್ ಮನೆಯ ಅಂಜನ

ಉಮಾಪತಿಗೆ ಆ ದಿನ ಆದದ್ದಕ್ಕೆಲ್ಲ ಕಾರಣ ಒಂದು ಹನಿ ಎಣ್ಣೆ. ಅದೂ ತಿನ್ನುವ ಎಣ್ಣೆಯಲ್ಲ, ತಲೆಗೆ ಹಚ್ಚುವ ಎಣ್ಣೆಯೂ ಅಲ್ಲ. ಗಂಗಾವತಿಯ ಅಂದಪ್ಪ ಸಾವ್ಕಾರರ ಅಕ್ಕಿ ಮಿಲ್ಲಿನ ಡೀಸೆಲ್ ಎಂಜಿನ್ನಿನ ಹೊಟ್ಟೆಯಿಂದ ತೆಗೆದ, ಕಾಡಿಗೆಯಂಥ ಕರಿ ಎಣ್ಣೆ. ಆ ಹನಿಯನ್ನು ಅವನು ಗುಮಾಸ್ತ ವಿರುಪಣ್ಣನ ಮೇಜಿನ ಮೇಲಿದ್ದ ಬ್ಲಾಟಿಂಗ್ ಕಾಗದದಿಂದ ಒಂದು ಚೂರು ಹರಿದು ಅದರ ಮೇಲೆ ಬಿಟ್ಟ. ಕೇಳಿ ತೆಗೆದುಕೊಳ್ಳಬೇಕಿತ್ತು, ನಿಜ. ಆದರೆ ವಿರುಪಣ್ಣ ಇನ್ನೂ ಬಂದಿರಲಿಲ್ಲ, ಎಂಜಿನ್ ಮಾತ್ರ ಆಗಲೇ ಓಡುತ್ತಿತ್ತು.

ಉಮಾಪತಿ ಕುಕನೂರಿನ ಕಡೆಯವನು. ಹಗಲೆಲ್ಲ ನಟ್ಟು ಬಿಗಿಯುವ ಪಾನಾ ಹಿಡಿದು ದುಡಿದು, ಸಂಜೆ ತರಗತಿಗೆ ಹೋಗಿ ಡೀಸೆಲ್ ಎಂಜಿನ್ನಿನ ವಿದ್ಯೆ ಕಲಿತವನು. ಅಲ್ಲಿಯ ಮೇಷ್ಟರು ಒಂದು ಮಾತು ಹೇಳುತ್ತಿದ್ದರು: ಎಂಜಿನ್ ಕೆಟ್ಟ ಮೇಲೆ ರಿಪೇರಿ ಮಾಡುವವರು ಬಹಳ ಜನ ಸಿಗುತ್ತಾರೆ, ಕೆಡುವ ಮೊದಲೇ ತಿಳಿದುಕೊಳ್ಳುವವನು ಬೇಕು; ಅದಕ್ಕೆ ಎಣ್ಣೆಯನ್ನು ಕೇಳಬೇಕು. ವೈದ್ಯರು ರಕ್ತ ಪರೀಕ್ಷೆ ಮಾಡುವ ಹಾಗೆ ಎಣ್ಣೆಯ ಪರೀಕ್ಷೆ. ಈ ಮಾತು ಉಳಿದವರ ಕಿವಿಯಿಂದ ಜಾರಿಹೋಗಿರಬೇಕು. ಉಮಾಪತಿಯ ಕಿವಿಯೊಳಗೆ ಮಾತ್ರ ಹೊಕ್ಕು ಮನೆ ಮಾಡಿಕೊಂಡಿತ್ತು.

ಎಣ್ಣೆ ಒಳ್ಳೆಯದಿದ್ದರೆ ಹನಿ ಕಾಗದದ ಮೇಲೆ ಸಮವಾಗಿ ಹರಡುತ್ತದೆ. ಅಂದು ಹರಡಲಿಲ್ಲ. ನಡುವೆ ಇದ್ದಿಲಿನಂಥ ಕರಿ ಬೊಟ್ಟು ಗಟ್ಟಿಯಾಗಿ ನಿಂತು, ಸುತ್ತ ಮಾಸಲು ಉಂಗುರವೊಂದು ಮೂಡಿತು. ಉಮಾಪತಿ ಇನ್ನಷ್ಟು ಎಣ್ಣೆ ತೆಗೆದು, ಗಾಜಿನ ಲೋಟದಲ್ಲಿ ಸೀಮೆಎಣ್ಣೆಯೊಂದಿಗೆ ಕಲಸಿ ಇಟ್ಟ. ತಳದಲ್ಲಿ ಬೆಳ್ಳಗೆ ಹೊಳೆಯುವ ಕಣಗಳು ಕೂತವು. ಅಯಸ್ಕಾಂತ ಹಿಡಿದ, ಅವು ಅಲುಗಲಿಲ್ಲ. ಅಂದರೆ ಕಬ್ಬಿಣವಲ್ಲ. ಬೇರಿಂಗಿನ ಒಳಮೈಗೆ ಎರೆದ ಮೆತ್ತನೆಯ ಬಿಳಿ ಲೋಹ ಸವೆದು ಎಣ್ಣೆಗೆ ಬರುತ್ತಿದೆ.

ಅದು ಪೂರ್ತಿ ಸವೆದರೆ ಏನಾಗುತ್ತದೆಂದು ಅವನು ಹಿಂದೆ ಬೇರೊಂದು ಊರಿನ ಮಿಲ್ಲಿನಲ್ಲಿ ಕಣ್ಣಾರೆ ಕಂಡಿದ್ದ. ಒಳಗಿನ ದಪ್ಪ ರಾಡು ಮುರಿದು, ಎಂಜಿನ್ನಿನ ಪಕ್ಕೆ ಒಡೆದು, ಗೋಡೆ ತೂರಿ ಹೊರಗೆ ಬಂದಿತ್ತು. ಗೋಡೆಯ ಪಕ್ಕ ನಿಂತಿದ್ದವನೊಬ್ಬ ಅಂದಿನಿಂದ ಕುಂಟುತ್ತಾನೆ. ಅಂದಪ್ಪನವರ ಮಿಲ್ಲಿನಲ್ಲಿಯೋ, ಎಂಜಿನ್ ಮನೆಯ ಗೋಡೆಯಾಚೆ ನೆರಳಿಗೆ ಹತ್ತಾರು ಹೆಣ್ಣುಮಕ್ಕಳು ಕೂತು ಅಕ್ಕಿ ಹಸನು ಮಾಡುತ್ತಿದ್ದರು.

ಉಮಾಪತಿಗೆ ಇದ್ದದ್ದು ಒಂದೇ ಆಸೆ. ತಿಂಗಳಿಗೊಮ್ಮೆ ಎಣ್ಣೆ ಪರೀಕ್ಷೆ ಆಗಬೇಕು, ಪರೀಕ್ಷೆ ನೋಡಿ ತಾನು ನಿಲ್ಲಿಸಿ ಎಂದರೆ ಸಾವ್ಕಾರರು ನಿಲ್ಲಿಸಬೇಕು. ಕಾಗದದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಸಾವ್ಕಾರರು ಕೂರುವ ಗದ್ದಿಗೆಯ ಮುಂದೆ ಹೋಗಿ ನಿಂತ.

"ಸಾವ್ಕಾರ್ರ, ಎಂಜಿನ್ ಒಂದೀಟು ಬಂದ್ ಮಾಡಿ ಬಿಚ್ಚಿ ನೋಡಬೇಕಾಗೇತ್ರಿ."

"ಯಾಕ, ನಿಂತೈತೇನು?" ಅಂದಪ್ಪ ತಲೆ ಎತ್ತದೆ ಕೇಳಿದರು.

"ಇಲ್ರಿ, ಓಡಾಕ ಹತ್ತೈತಿ."

"ಓಡೋದನ್ನ ಯಾಕ ನಿಂದ್ರಸಬೇಕೋ?"

"ಮುಂದ ತಾನ ನಿಂದ್ರತೈತ್ರಿ. ಎಣ್ಣಿ ನೋಡಿದ್ರ ಗೊತ್ತಾಗತೈತಿ."

"ಹಂಗಾರ ತಾನ ನಿಂತ ಮ್ಯಾಲೆ ಬಾ, ಬಿಚ್ಚೋಣು. ಎಣ್ಣಿ ಕರ್ರಗಾಗಿದ್ರ ಹೊಸಾದು ಹಾಕು. ಹೊರಗ ನೋಡು, ರೈತರ ಭತ್ತದ ಗಾಡಿ ಕಾಲವಿ ಮಟ ನಿಂತಾವ. ಕರೆಂಟು ಮುಂಜಾನಿಂದ ಇಲ್ಲ. ಇಂಥಾದ್ರಾಗ ಎಂಜಿನ್ ಬಿಚ್ಚತೀನಿ ಅಂತೀಯಲ್ಲ!"

"ಒಳಗಿನ ಬೇರಿಂಗ್ ಸವದಂಗ ಕಾಣತೈತ್ರಿ."

ಅಂದಪ್ಪ ಈಗ ತಲೆ ಎತ್ತಿದರು. "ಖಾತ್ರಿ ಹೇಳತೀಯೇನು?"

ಇಲ್ಲಿಯೇ ಉಮಾಪತಿ ಕೆಟ್ಟ. ಕಂಡದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಹೇಳಬಾರದೆಂದು ಕಲಿತವನು ಅವನು. ಮನೆಯ ಬೀಗ ಹಾಕಿದ ಮೇಲೂ ಅರ್ಧ ದಾರಿಯಿಂದ ಮರಳಿ ಹೋಗಿ ಎಳೆದು ನೋಡುವ ಸ್ವಭಾವ. "ನನಗ ಹಂಗ ಅನಸತೈತ್ರಿ. ಇವತ್ತ ಕೆಡಬಹುದು, ನಾಳಿ ಕೆಡಬಹುದು. ನನ್ನ ಪರೀಕ್ಷೆ ತಪ್ಪಿರಲೂಬಹುದು," ಎಂದ.

ಅಂದಪ್ಪ ಹೊಟ್ಟೆ ಕುಣಿಸಿ ನಕ್ಕರು. "ತಪ್ಪಿರಲೂಬಹುದು ಅಂತ ಡಾಕ್ಟರ ಹೇಳಿದ್ರ ಯಾರರ ಹೊಟ್ಟಿ ಕೊಯ್ಯಿಸಿಕೊಂತಾರೇನೋ? ಹೋಗು, ಹೋಗು."

ಅಷ್ಟರಲ್ಲಿ ಒಳಗಿನಿಂದ ವಿರುಪಣ್ಣನ ಕೂಗು ಕೇಳಿತು. "ನನ್ನ ಬ್ಲಾಟಿಂಗ್ ಹರದಾಂವ ಯಾಂವಲೇ?" ಉಮಾಪತಿ ಕಾಗದದ ಚೂರನ್ನು ತೋರಿಸಿ, ತಾನೇ ಎಂದು ಒಪ್ಪಿಕೊಂಡ. ವಿರುಪಣ್ಣ ಅದನ್ನು ಸತ್ತ ಇಲಿ ನೋಡುವ ಹಾಗೆ ನೋಡಿದ. "ಮಸಿ ಹೀರೋ ಕಾಗದಕ್ಕ ಈ ಹೊಲಸು ಹಚ್ಚೀಯಲ್ಲ, ನಿನಗೇನರ ತಲಿ ಐತೋ ಇಲ್ಲೋ?" ಎಂದು ಬಯ್ದು ಕಳಿಸಿದ.

ಉಮಾಪತಿ ಎಂಜಿನ್ ಮನೆಯ ಹೊಸ್ತಿಲ ಮೇಲೆ ಕುಳಿತ. ತನ್ನದೇ ತಪ್ಪೇನೋ ಎಂಬ ಅನುಮಾನ ಅವನಿಗೆ ಬಿಸಿಲಿನಷ್ಟೇ ಬೇಗ ಏರುತ್ತಿತ್ತು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಬಿಸಿಲಿಗೆ ವಾಲಿಸಿದ. ಕಲಿತ ಪಾಠ ನೆನಪಿಸಿಕೊಳ್ಳುತ್ತ ತುಟಿ ಅಲುಗಿಸಿದ. ದೂರದಿಂದ ನೋಡಿದವರಿಗೆ ಇದು ಹೇಗೆ ಕಂಡೀತೆಂದು ಅವನಿಗೆ ಹೊಳೆಯಲೇ ಇಲ್ಲ.

ಈ ಸೀಮೆಯಲ್ಲಿ ಎತ್ತು ಕಳೆದರೆ, ಕಿವಿಯ ಬೆಂಡೋಲೆ ಕಾಣೆಯಾದರೆ ಜನ ಅಂಜನ ಹಾಕುವವರ ಬಳಿ ಹೋಗುತ್ತಾರೆ. ಅವರು ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ, ವೀಳ್ಯದೆಲೆಯ ಮೇಲೆ ದುಂಡಗೆ ಹಚ್ಚಿ, ಆ ಕರಿ ಹೊಳಪಿನೊಳಗೆ ಕಣ್ಣು ನೆಟ್ಟು ಕೂರುತ್ತಾರೆ. ಕದ್ದವನ ಮುಖ, ಕದ್ದ ಒಡವೆ, ನಾಳೆ ಬರುವ ಕೇಡು ಎಲ್ಲ ಅದರಲ್ಲಿ ಕಾಣುತ್ತದೆಂದು ನಂಬಿಕೆ. ಈಗ ಅಕ್ಕಿ ಹಸನು ಮಾಡುವ ಹಂಪವ್ವ ನೀರಿಗೆಂದು ಎದ್ದು ಬಂದವಳು ಕಂಡದ್ದೇನು? ಕರಿ ಬೊಟ್ಟು, ಎಣ್ಣೆಯ ಹೊಳಪು, ಅದರೊಳಗೆ ಕಣ್ಣು ನೆಟ್ಟ ಗಂಡಸು, ಪಿಟಿಪಿಟಿ ಅಲುಗುವ ತುಟಿ.

ಹಂಪವ್ವ ಸೆರಗು ಹೊದ್ದುಕೊಂಡು ಮೆಲ್ಲಗೆ ಹತ್ತಿರ ಬಂದಳು. "ಯಪ್ಪಾ ಉಮಾಪತಿ, ಏನ್ ಕಾಣಾಕ ಹತ್ತೈತಿ?"

"ಭಾಳ ಕೆಟ್ಟದ್ದು ಕಾಣಾಕ ಹತ್ತೈತಿ, ಯವ್ವಾ," ಎಂದ ಉಮಾಪತಿ ಕಣ್ಣೆತ್ತದೆ. "ಒಂದ್ ಕೆಲಸ ಮಾಡ್ರಿ. ಇವತ್ತ ನೀವು ಯಾರೂ ಈ ಗ್ವಾಡಿ ಬಾಜೂ ಕುಂದರಬ್ಯಾಡ್ರಿ. ಆ ಬೇವಿನ ಗಿಡದ ಕೆಳಗ ಹೋಗ್ರಿ."

ಹಂಪವ್ವನ ರೋಮ ನಿಮಿರಿದವು. ಹೆಣ್ಣುಮಕ್ಕಳನ್ನೆಲ್ಲ ಮೊರ ಸಮೇತ ಎಬ್ಬಿಸಿ ಗಿಡದ ಕೆಳಗೆ ಕೂರಿಸಿ ಮತ್ತೆ ಬಂದಳು. "ನನ್ನ ಆಡು ನಿನ್ನೆ ಮೇಯಾಕ ಹೋಗಿದ್ದು ಮನಿಗೆ ಬಂದಿಲ್ಲ, ತಮ್ಮಾ. ಅದರಾಗ ಒಂಚೂರು ನೋಡು."

"ಇದರಾಗ ಆಡು ಕಾಣಂಗಿಲ್ಲ ಯವ್ವಾ. ಇದು ಎಂಜಿನ್ ನೋಡೋದು."

"ಆತು ಬಿಡು, ನನಗ ಗೊತ್ತಾತು. ಖರೇ ಬಲ್ಲವ್ರು ಒಂದ ಸಲಕ್ಕ ಹೇಳಂಗಿಲ್ಲ."

"ಅಯ್ಯ, ಹಂಗಲ್ಲ! ಹಸದ್ರ ಆಡು ತಾನ ಬರತೈತಿ, ಹೋಗು."

ಆಡು ಹಸಿಯಿತು, ಬಂತು. ಊಟದ ಹೊತ್ತಿಗೆ ಹಂಪವ್ವ ಮನೆಗೆ ಹೋಗಿ ನೋಡಿದರೆ ಅದು ಅಂಗಳದಲ್ಲಿ ನಿಂತು ಬೇಲಿಗೆ ಹಾಕಿದ್ದ ಅವಳ ಸೀರೆಯನ್ನು ಮೇಯುತ್ತಿತ್ತು. ಸೀರೆ ಹರಿದದ್ದಕ್ಕೆ ಅವಳು ಅಳಲಿಲ್ಲ. ಓಡುತ್ತ ಮಿಲ್ಲಿಗೆ ಬಂದು ಡಂಗುರ ಸಾರಿದಳು. ಸುದ್ದಿ ಗಿಡದ ಕೆಳಗಿನಿಂದ ಗೋದಾಮಿಗೆ ಹೋಗುವಷ್ಟರಲ್ಲಿ ಉಮಾಪತಿ ಆಡಿನ ಬಣ್ಣ ಹೇಳಿದ್ದ. ಗೋದಾಮಿನಿಂದ ಗಾಡಿಗಳ ಹತ್ತಿರ ಹೋಗುವಷ್ಟರಲ್ಲಿ ಅದು ಬರುವ ದಾರಿಯನ್ನೂ ತೋರಿಸಿದ್ದ. ಭತ್ತ ತಂದಿದ್ದ ರೈತರೂ ಗಾಡಿ ಬಿಟ್ಟು ಬಂದು ಎಂಜಿನ್ ಮನೆಯ ಬಾಗಿಲಲ್ಲಿ ಕತ್ತು ಚಾಚಿದರು.

ಮೊದಲು ಒಳಗೆ ಬಂದವನು ವಿರುಪಣ್ಣ. ಕೈಯಲ್ಲಿ ಬ್ಲಾಟಿಂಗ್ ಕಾಗದದ ಇಡೀ ಹಾಳೆಯಿತ್ತು, ಹರಿಯದ್ದು, ಹೊಸದು.

"ಮುಂಜಾನಿ ಸಿಟ್ಟಿನಾಗ ಒಂದ್ ಮಾತು ಅಂದಿನ್ರಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದ. ನೀನು ಎಂಬುದು ಹೋಗಿ ನೀವು ಬಂದದ್ದನ್ನು ಕೇಳಿ ಉಮಾಪತಿಗೆ ಬೆನ್ನ ಮೇಲೆ ಹಲ್ಲಿ ಬಿದ್ದ ಹಾಗಾಯಿತು. "ನಮ್ಮ ಅಳಿಯ ಸಾಲಿ ಮಾಸ್ತರ ಅದಾನಲ್ರಿ. ಅವನ್ನ ಯಲಬುರ್ಗಾಕ್ಕ ಹಾಕತಾರೋ ಕುಷ್ಟಗಿಗೆ ಹಾಕತಾರೋ, ಒಂಚೂರು ನೋಡಿ ಹೇಳ್ರಿ."

"ವಿರುಪಣ್ಣಾರ, ಇದು ಎಂಜಿನ್ ಎಣ್ಣಿ. ವರ್ಗಾವಣಿ ಇದರಾಗ ಬರಂಗಿಲ್ಲ."

ವಿರುಪಣ್ಣ ಸುತ್ತ ನೋಡಿದ. ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿಯಲ್ಲಿ ಡೀಸೆಲ್ ಇತ್ತು. ಪೀಪಾಯಿಯ ಡೀಸೆಲ್ಲಿನಲ್ಲಿ ನೀರು ಸೇರಿದ್ದರೆ ತಳಕ್ಕೆ ಇಳಿದು ಕಾಣಲೆಂದು ಉಮಾಪತಿ ಹಾಗೆ ಇಡುತ್ತಿದ್ದ. ಅದನ್ನು ತೋರಿಸಿ ವಿರುಪಣ್ಣ ದನಿ ತಗ್ಗಿಸಿದ. "ಡೀಸೆಲ್ಲಿನಾಗ ಬರತೈತೇನ್ರಿ?"

ಉಮಾಪತಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇದರಲ್ಲಿ ಮಂತ್ರ ತಂತ್ರ ಏನೂ ಇಲ್ಲವೆಂದು ಎಲ್ಲರಿಗೂ ಕಣ್ಣೆದುರೇ ತೋರಿಸಿಬಿಡಬೇಕೆಂದು ನಿಶ್ಚಯಿಸಿದ. ಸ್ಟೋವು ಹಚ್ಚಿ ತಗಡಿನ ತುಂಡೊಂದನ್ನು ಕಾಯಿಸಿದ. "ನೋಡ್ರಿ, ಎಣ್ಣಿಯೊಳಗ ನೀರು ಸೇರಿತ್ತಂದ್ರ ಬಿಸಿ ತಗಡಿನ ಮ್ಯಾಲೆ ಸಪ್ಪಳ ಮಾಡತೈತಿ. ಸಾಸಿವಿ ಸಿಡಿತಾವಲ್ಲ, ಹಂಗ. ಇಷ್ಟ ಇದು," ಎಂದು ಎಂಜಿನ್ನಿನ ಎಣ್ಣೆ ಒಂದು ಹನಿ ಬಿಟ್ಟ.

ಚಟಚಟ ಚಟ್ ಎಂದು ಹನಿ ಸಿಡಿದು ಕುಣಿಯಿತು. ಬಾಗಿಲಲ್ಲಿದ್ದವರು ಒಬ್ಬರ ಕಾಲು ಒಬ್ಬರು ತುಳಿದು ಹಿಂದೆ ಸರಿದರು. ಹಂಪವ್ವ ಕೈಮುಗಿದಳು. "ಮಾತಾಡತೈತ್ರೋ, ಮಾತಾಡತೈತಿ!" ಎಂದು ಯಾರೋ ಕೂಗಿದರು. ಉಮಾಪತಿಯ ಮುಖ ಬಿಳುಚಿತು. ಅದನ್ನು ಕಂಡು ಜನಕ್ಕೆ ಇನ್ನೂ ಭಯವಾಯಿತು. ಪಾಪ, ಅವನ ಭಯವೇ ಬೇರೆ. ಎಣ್ಣೆಯಲ್ಲಿ ನೀರೂ ಸೇರಿದೆ; ತಂಪಿಗೆ ಹರಿಯುವ ನೀರು ಎಲ್ಲಿಯೋ ಸೋರಿ ಎಣ್ಣೆಯನ್ನು ತೆಳುವಾಗಿಸಿದೆ; ಅದಕ್ಕೇ ಬೇರಿಂಗು ಸವೆದಿದೆ. ಅವನಿಗೆ ಬೆಳಗಿನಿಂದ ಇದ್ದ ಅನುಮಾನ ಈಗ ಉಳಿಯಲಿಲ್ಲ. ಖಾತ್ರಿಯಾಗಿ ಹೇಳಬಲ್ಲವನಾದ ಹೊತ್ತಿಗೆ, ಅವನ ಮಾತನ್ನು ಮಾತಾಗಿ ಕೇಳುವವರು ಯಾರೂ ಉಳಿದಿರಲಿಲ್ಲ.

ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಅಂದಪ್ಪ ಸಾವ್ಕಾರರು ಬಂದರು. ಎಂಜಿನ್ ಮನೆಯ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟದ್ದನ್ನು ಉಮಾಪತಿ ಎಂದೂ ಕಂಡಿರಲಿಲ್ಲ.

"ಏನಪಾ ಉಮಾಪತಿ, ಮುಂಜಾನಿ ಬಂದು ಎಣ್ಣಿ ಎಣ್ಣಿ ಅಂದಿ. ಅಂಜನ ಅಂತ ಬಾಯಿ ಬಿಟ್ಟು ಹೇಳಬಾರದೇನು? ನಾ ಏನ್ ಹೊರಗಿನಾಂವೇನು?" ಅವರ ದನಿಯಲ್ಲಿ ನಿಜವಾದ ನೋವಿತ್ತು. "ಈಗರ ಹೇಳು. ಅಂಜನದಾಗ ಏನ್ ಕಂಡತಿ?"

ಇದು ಅಂಜನವಲ್ಲ ಎನ್ನಲು ಉಮಾಪತಿ ಬಾಯಿ ತೆರೆದ. ಅದೇ ಹೊತ್ತಿಗೆ ಎಂಜಿನ್ನಿನ ಒಳಗಿನಿಂದ ಠಕ್ ಎಂಬ ಸಪ್ಪಳ ಬಂತು. ಸುತ್ತಿಗೆಯಿಂದ ಯಾರೋ ಒಳಗೆ ಮೆಲ್ಲಗೆ ಬಾಗಿಲು ಬಡಿದ ಹಾಗೆ. ಮತ್ತೊಮ್ಮೆ ಠಕ್. ಉಳಿದವರಿಗೆ ಅದು ಕೇಳಿಸಲಿಲ್ಲ. ಉಮಾಪತಿ ಮುಂದಿದ್ದವರನ್ನು ನೋಡಿದ: ಹಂಪವ್ವ ಎಂಜಿನ್ನಿಗೆ ಆತುಕೊಂಡೇ ನಿಂತಿದ್ದಳು, ಬಾಗಿಲ ತುಂಬ ಜನ. ಅಂಜನವಲ್ಲ ಎಂದರೆ ಸಾವ್ಕಾರರು ಮತ್ತೆ ನಕ್ಕು ಹೊರಟುಹೋಗುತ್ತಾರೆ. ಅದೊಂದು ಮಾತನ್ನು ಅವನು ನುಂಗಿಕೊಂಡ.

"ಎಂಜಿನ್ ಈಗಿಂದೀಗ ಬಂದ್ ಮಾಡಬೇಕಂತ ಕಂಡತ್ರಿ," ಎಂದ.

"ಮಾಡು," ಎಂದರು ಅಂದಪ್ಪ. ಬೆಳಗ್ಗೆ ಅಷ್ಟು ವಾದಕ್ಕೂ ಸಿಗದಿದ್ದ ಮಾತು ಒಂದೇ ಉಸಿರಿಗೆ ಸಿಕ್ಕಿತು.

ಎಂಜಿನ್ ನಿಂತಿತು. ಬೆಲ್ಟಿನ ಪಟ್ಟೆ ತಿರುಗುವುದು ನಿಂತು, ಮಿಲ್ಲು ನಿಂತು, ಊರಿನ ಸದ್ದೆಲ್ಲ ಒಮ್ಮೆಲೆ ಒಳಗೆ ಬಂತು. ಎಂಜಿನ್ ಆರಿದ ಮೇಲೆ ಉಮಾಪತಿ ಪಕ್ಕದ ಮುಚ್ಚಳ ಬಿಚ್ಚಿ, ಕೈ ಒಳಗೆ ಹಾಕಿ, ಬೇರಿಂಗಿನ ಕೆಳಗಿನ ಅರ್ಧ ಭಾಗ ಹೊರಗೆ ತೆಗೆದ. ಬಿಳಿ ಲೋಹ ಹಳೆಯ ಗೋಡೆಯ ಸುಣ್ಣದ ಹಾಗೆ ಪದರು ಪದರಾಗಿ ಎದ್ದಿತ್ತು. ಒಂದು ಕಡೆ ಪೂರಾ ಉದುರಿ ತಳ ಕಾಣುತ್ತಿತ್ತು.

"ಅಲಲಲಾ!" ಎಂದರು ಜನ. ಕೈಯಿಂದ ಕೈಗೆ ಹೋಗಿ ಬೇರಿಂಗು ಮೈಲಿಗೆಯಾಯಿತೋ ಪಾವನವಾಯಿತೋ ತಿಳಿಯದು. ಯಾರೋ ಅದಕ್ಕೆ ಕುಂಕುಮವನ್ನೂ ಹಚ್ಚಿದರು. ಉಮಾಪತಿಗೆ ಗದ್ದಿಗೆಯಿಂದ ಕುರ್ಚಿ ಬಂತು, ಖಡಕ್ ಚಹಾ ಬಂತು.

"ಇನ್ ಮ್ಯಾಲೆ ಪ್ರತಿ ಅಮಾಸಿಗೆ ನೀವು ಎಂಜಿನ್ ನೋಡಬೇಕ್ರಿ," ಎಂದರು ಅಂದಪ್ಪ. "ನೀವು ಬಂದ್ ಅಂದ್ರ ಬಂದ್. ಚಾಲೂ ಅಂದ್ರ ಚಾಲೂ. ನಾ ಯಾಕ ಅಂತ ಕೇಳಂಗಿಲ್ಲ."

ತಿಂಗಳಿಗೊಮ್ಮೆ ಪರೀಕ್ಷೆ, ತನ್ನ ಮಾತಿಗೆ ಒಪ್ಪಿಗೆ. ಉಮಾಪತಿ ಬಯಸಿದ್ದು ಅಕ್ಷರಶಃ ಅದೇ. ಚಹಾ ಮಾತ್ರ ಮುಟ್ಟದೆ ಪಕ್ಕಕ್ಕಿಟ್ಟ. ಆದರೂ, ಆಗಲಿ, ಯಾವ ಹೆಸರಿನಿಂದಾದರೇನು, ಎಂಜಿನ್ ಉಳಿಯಿತು, ಹಂಪವ್ವನ ಕಾಲು ಉಳಿದವು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಇಷ್ಟಕ್ಕೇ ಎದ್ದು ಬೇರಿಂಗು ತರಲು ಪೇಟೆಗೆ ಹೋಗಿದ್ದರೆ ಚೆನ್ನಾಗಿತ್ತು.

ಅಂದಪ್ಪ ಕುರ್ಚಿಯ ಪಕ್ಕಕ್ಕೆ ಬಾಗಿದರು. "ಈಗ ಇನ್ನೊಂದು ನೋಡ್ರಿ. ಗೋದಾಮಿನಾಗ ಅಕ್ಕಿ ಕಡಿಮಿ ಬೀಳಾಕ ಹತ್ತೈತಿ. ಹೊನ್ನೂರಪ್ಪನ ಮ್ಯಾಲೆ ನನಗ ಸಂಶೆ ಐತಿ. ಅಂವ ಹೌದೋ ಅಲ್ಲೋ, ಅದರಾಗ ನೋಡಿ ಹೇಳ್ರಿ. ಹೌದಂದ್ರ ಇವತ್ತ ಹೊರಗ ಹಾಕತೀನಿ."

ಅವರು ಪಿಸುಮಾತಿನಲ್ಲೇ ಹೇಳಿದ್ದರು. ಆದರೆ ಎಂಜಿನ್ ನಿಂತಿತ್ತಲ್ಲ, ಎಲ್ಲರಿಗೂ ಕೇಳಿಸಿತು. ಹಮಾಲರ ನಡುವೆ ನಿಂತಿದ್ದ ಹೊನ್ನೂರಪ್ಪ ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಷ್ಟೋ ಮಧ್ಯಾಹ್ನ ತನ್ನ ರೊಟ್ಟಿಯಲ್ಲಿ ಉಮಾಪತಿಗೆ ಪಾಲು ಕೊಟ್ಟವನು ಅವನು. ಎಲ್ಲರ ಕಣ್ಣು ಆ ಕಾಗದದ ಚೂರಿನ ಮೇಲೆ ನೆಟ್ಟವು.

ಉಮಾಪತಿ ಕುರ್ಚಿಯಿಂದ ಎದ್ದ. "ಸಾವ್ಕಾರ್ರ, ಇದು ಅಂಜನ ಅಲ್ರಿ."

"ಏನು?"

"ಅಂಜನ ಅಲ್ರಿ. ಎಂಜಿನ್ನಿನ ಎಣ್ಣಿ. ಎಂಜಿನ್ ಬಿಟ್ರ ಬ್ಯಾರೆ ಏನೂ ಇದರಾಗ ಕಾಣಂಗಿಲ್ಲ. ಇದು ಓದಿ ಕಲತ ವಿದ್ಯಾ."

"ಮತ್ತ ಆಗಳೆ ನಾ ಅಂಜನದಾಗ ಏನ್ ಕಂಡತಿ ಅಂತ ಕೇಳಿದಾಗ?"

"ಆವಾಗ ನಾ ಅಲ್ಲ ಅನ್ನಲಿಲ್ರಿ. ಅದು ತಪ್ಪಾತು."

ಅಂದಪ್ಪನವರ ಮುಖ ಕುದಿಯುವ ಎಸರಿನ ಹಾಗಾಯಿತು. "ಅಂದ್ರ, ಲೇ, ಅಂಜನ ಇಲ್ಲದ ನನ್ನ ಎಂಜಿನ್ ಬಂದ್ ಮಾಡಿಸಿದೇನು? ಇಂಥಾ ಸುಗ್ಗ್ಯಾಗ?" ನೀವು ಹೋಗಿ ಲೇ ಬಂದಿತ್ತು.

"ಬೇರಿಂಗ್ ಕೆಟ್ಟಿತ್ತಲ್ರಿ! ನೀವ ನೋಡಿದ್ರಿ!"

"ಕೆಟ್ಟಿತ್ತು. ಅದು ನಿನ್ನ ದೈವ. ಮುಂಜಾನಿ ನೀನ ಏನ್ ಹೇಳಿದ್ದಿ? ತಪ್ಪಿರಲೂಬಹುದು ಅಂತ ನಿನ್ನ ಬಾಯಿಲೆ ಹೇಳಿಲ್ಲೇನು? ತಪ್ಪಿದ್ರ?"

ತಪ್ಪಿದ್ದರೆ ಎಂಬ ಪ್ರಶ್ನೆಯನ್ನು ಉಮಾಪತಿ ತನಗೆ ತಾನೇ ಕೇಳಿಕೊಳ್ಳುವವನು. ಬೇರೆಯವರ ಬಾಯಲ್ಲಿ ಅದು ಇನ್ನೂ ಸರಿಯೆನಿಸಿತು.

ವಿರುಪಣ್ಣ ಮುಂದೆ ಬಂದು ತನ್ನ ಬ್ಲಾಟಿಂಗ್ ಹಾಳೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಹಂಪವ್ವನಿಗೆ ಎಲ್ಲಕ್ಕಿಂತ ದುಃಖವಾಗಿತ್ತು. "ಹಂಗಾರ ನನ್ನ ಆಡು ಸುಮ್ಮನ ಬಂತೇನು? ನನ್ನ ಸೀರಿ ಸುಮ್ಮನ ಹೋತೇನು?" ಎಂದು ಕೇಳಿದಳು.

ಒಬ್ಬನಾದರೂ ತನ್ನ ಕಡೆ ಇರುತ್ತಾನೆಂದು ಉಮಾಪತಿ ಹೊನ್ನೂರಪ್ಪನ ಕಡೆ ನೋಡಿದ. ಹೊನ್ನೂರಪ್ಪನ ಕಣ್ಣಲ್ಲಿ ನೀರು ತುಂಬಿತ್ತು.

"ಎಂಥಾ ಕೆಲಸ ಮಾಡಿದ್ಯೋ ಉಮಾಪತಿ," ಎಂದ ಅವನು. "ನಾ ಒಂದ ಕಾಳು ಮುಟ್ಟಿಲ್ಲ. ಎಲ್ಲಾರ ಮುಂದ ನೋಡಿ ನಾ ಅಲ್ಲಂತ ಒಂದ್ ಮಾತು ಅಂದಿದ್ರ ಅಲ್ಲೀಗೆ ಮುಗೀತಿತ್ತು. ಈಗ ಮಂದಿ ಏನಂತಾರ? ಅಂಜನದಾಗ ನನ್ನ ಮಾರಿ ಕಂಡತಿ, ಅದಕ್ಕ ನೀ ಅಂಜನ ಅಲ್ಲಂತ ಜಾರಿಕೊಂಡಿ ಅಂತಾರ."

ಉಮಾಪತಿ ಸುಮ್ಮನಿರಬಾರದಿದ್ದಾಗ ಸುಮ್ಮನಿದ್ದು, ನಿಜ ಹೇಳಿದಾಗ ನಿಜ ಯಾರಿಗೂ ಬೇಡವಾಗಿ, ಉಳಿಸಲು ಹೋದವನನ್ನೇ ಮುಳುಗಿಸಿದ್ದ. ಸುತ್ತಲೂ ಆಗಲೇ ಗುಸುಗುಸು ಎದ್ದಿತ್ತು. ಹೊನ್ನೂರಪ್ಪ ಹೇಳಿದ ಮಾತನ್ನೇ ಜನ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳುತ್ತಿದ್ದರು.

"ಇಂಥಾ ಕಚ್ಚಾ ಮಂದಿ ಕೈಯಾಗ ಸಿಕ್ಕು ಸಾಕಾತು," ಎಂದು ಅಂದಪ್ಪ ಚಪ್ಪಲಿ ಮೆಟ್ಟಿದರು. "ಜೀಪು ತಗೊಂಡು ಇರಕಲ್ಲಗಡಕ್ಕ ಹೋಗ್ರಿ. ಅಂಜನ ಹಾಕೋ ಮುದಿಯಪ್ಪಜ್ಜನ್ನ ಕರಕೊಂಡು ಬರ್ರಿ. ಖರೇ ಅಂಜನ ಏನಂತ ನೋಡೋಣು."

ಹೊತ್ತು ಇಳಿಯುವ ಮೊದಲೇ ಮುದಿಯಪ್ಪ ಬಂದ. ಒಣಗಿದ ಜಾಲಿಯಂಥ ಮುದುಕ, ಬಾಟಲಿಯ ತಳದಷ್ಟು ದಪ್ಪ ಕನ್ನಡಕ. ಬಂದವನು ಅವಸರ ಮಾಡಲಿಲ್ಲ. ಚಹಾ ಕುಡಿದ. ಗೋದಾಮು ತೋರಿಸಿ ಎಂದ. ಚೀಲಗಳ ಸುತ್ತ ಅಡ್ಡಾಡಿ, ಮೂಲೆಯ ಚೀಲವೊಂದರ ತಳವನ್ನು ಬೆರಳಿನಿಂದ ಸವರಿ, ನೆಲವನ್ನು ಕೋಲಿನಿಂದ ತಟ್ಟಿದ. ಆಮೇಲೆ ಕೂತು, ಎಲೆಗೆ ಕಾಡಿಗೆ ಹಚ್ಚಿ, ಬಹಳ ಹೊತ್ತು ನೋಡಿದ.

"ಕಳ್ಳ ಕಂಡ," ಎಂದ. ಹೊನ್ನೂರಪ್ಪ ಕಣ್ಣು ಮುಚ್ಚಿದ. "ನಾಕ ಕಾಲಿನಾಂವ ಅದಾನ. ಬಾಲ ಐತಿ. ಈ ಮೂಲ್ಯಾಗ ನೆಲದ ಕೆಳಗ ಮನಿ ಕಟ್ಟ್ಯಾನ."

ಅಗೆದರು. ಬೆಕ್ಕಿನಷ್ಟು ದೊಡ್ಡ ಹೆಗ್ಗಣಗಳು ಸಂಸಾರ ಸಮೇತ ಹೊರಗೆ ಹಾರಿದವು. ಜನ ಜೈಕಾರ ಹಾಕಿದರು. ಹೊನ್ನೂರಪ್ಪ ಮುದುಕನ ಕಾಲಿಗೆ ಬಿದ್ದ. ಅಂದಪ್ಪ ಮುದಿಯಪ್ಪನ ಎರಡೂ ಕೈ ಹಿಡಿದುಕೊಂಡು, "ಅಜ್ಜಾರ, ಇನ್ ಮ್ಯಾಲೆ ಪ್ರತಿ ಅಮಾಸಿಗೆ ನೀವ ಬರಬೇಕು. ಗೋದಾಮೂ ನೋಡಬೇಕು, ಎಂಜಿನ್ನೂ ನೋಡಬೇಕು. ನೀವು ಬಂದ್ ಅಂದ್ರ ಬಂದ್," ಎಂದರು. ಆಮೇಲೆ ತಿರುಗಿ, "ಲೇ ಉಮಾಪತಿ, ಅಜ್ಜಾರಿಗೆ ಕೈಗೆ ನೀರು ಹಾಕು. ಅಮಾಸಿಗೆ ಬಂದಾಗ ಎಲಿ, ಎಣ್ಣಿ ತಂದು ಕೊಡೋ ಕೆಲಸ ನಿಂದು," ಎಂದರು.

ಎಂಜಿನ್ ಮನೆಯ ಹಿಂದೆ ಉಮಾಪತಿ ತಂಬಿಗೆಯಿಂದ ನೀರು ಹಾಕಿದ. ಮುದಿಯಪ್ಪ ಕಾಡಿಗೆಯ ಕೈ ತಿಕ್ಕಿ ತಿಕ್ಕಿ ತೊಳೆದ.

"ತಮ್ಮಾ, ಆ ಎಂಜಿನ್ನಿನ ಒಳಗಿಂದು ಕೆಟ್ಟದ್ದು ನೀ ಹೊರಗ ಕುಂತು ಕಂಡೀಯಂತಲ್ಲ, ಹೆಂಗ?"

ಉಮಾಪತಿ ಮೊದಲು ಹಿಂಜರಿದ. ಆಮೇಲೆ ಹೇಳಿದ. ಕಾಗದದ ಮೇಲಿನ ಬೊಟ್ಟು, ಸೀಮೆಎಣ್ಣೆಯ ತಳದ ಬಿಳಿ ಕಣ, ಅಯಸ್ಕಾಂತ, ಬಿಸಿ ತಗಡು. ಆ ದಿನ ಅವನ ಮಾತನ್ನು ಕೊನೆಯವರೆಗೆ ಕೇಳಿದವನು ಆ ಮುದುಕನೊಬ್ಬನೇ. ನಡುವೆ ನಗಲಿಲ್ಲ, ಕೈಮುಗಿಯಲೂ ಇಲ್ಲ.

"ಛಲೋ ವಿದ್ಯಾ ಐತಿ," ಎಂದ ಮುದಿಯಪ್ಪ. ಆಚೀಚೆ ನೋಡಿ ದನಿ ಇಳಿಸಿದ. "ನೋಡು ತಮ್ಮಾ, ಹೆಗ್ಗಣದ ಸುದ್ದಿ ಬ್ಯಾರೆ, ಅದರ ಹಲ್ಲಿನ ಗುರ್ತು ಚೀಲದ ಮ್ಯಾಲಿದ್ದವು. ಎಂಜಿನ್ ಅಂದ್ರ ನನಗ ಹೊಗಿ ಒಂದ ಗೊತ್ತು. ಅಮಾಸಿ ಹಿಂದಿನ ದಿನ ನೀ ಪರೀಕ್ಷೆ ಮಾಡಿಕೊಂಡು ಇರಕಲ್ಲಗಡಕ್ಕ ಬಂದು, ಏನ್ ಕೆಟ್ಟೈತಿ ಅಂತ ನನಗ ಹೇಳಿ ಹೋಗು. ಮರುದಿನ ನಾ ಎಲಿ ನೋಡಿ ಹೇಳತೀನಿ."

ಉಮಾಪತಿಯ ಕೈಯಲ್ಲಿನ ತಂಬಿಗೆ ವಾಲಿ ನೀರು ಅವನ ಕಾಲ ಮೇಲೆಯೇ ಸುರಿಯಿತು. "ಅಜ್ಜಾರ, ಮತ್ತ... ಅದನ್ನ ನಾನ ಹೇಳಿದ್ರ ಆಗಂಗಿಲ್ಲೇನ್ರಿ?"

ಮುದುಕ ಧೋತರದ ಚುಂಗಿನಿಂದ ಕೈ ಒರೆಸಿಕೊಂಡ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಮರುಕವಿತ್ತು.

"ಮುಂಜಾನಿ ಹೇಳಿದ್ಯಂತಲ್ಲ."

ಹೊರಗೆ ಜೀಪು ಶುರುವಾಯಿತು. ಹಂಪವ್ವ ಮುದುಕನ ಮಡಿಲಿಗೆ ಬಾಳೆಹಣ್ಣು ಹಾಕಿದಳು, ವಿರುಪಣ್ಣ ಅಳಿಯನ ವಿಷಯ ಕೇಳಲು ಜೀಪಿನ ಪಕ್ಕ ಓಡಾಡಿದ. ಉಮಾಪತಿ ಮುದಿಯಪ್ಪನ ರಟ್ಟೆ ಹಿಡಿದು ಮೇಲೆ ಹತ್ತಿಸಿದ, ಕೋಲು ಕೈಗೆ ಕೊಟ್ಟ. ಜೀಪು ಅಲುಗಿತು. ಆಗ ಅವನು ಎರಡು ಹೆಜ್ಜೆ ಜೊತೆಗೆ ನಡೆದು, ಯಾರಿಗೂ ಕೇಳಿಸದ ಹಾಗೆ ಬಾಗಿ ಕೇಳಿದ:

"ಅಜ್ಜಾರ, ಇರಕಲ್ಲಗಡಕ್ಕ ಬಸ್ಸು ಎಷ್ಟೊತ್ತಿಗೆ ಐತ್ರಿ?"